‘ಯಾವ ಥಿಯೇಟರ್?’ ಎಂದು ಯಾರೂ ಕೇಳಲಿಲ್ಲ: ಈವ್ ಹ್ಯಾರಿಂಗ್‌ಟನ್ ಪ್ರಕರಣ

1950ರ ಹಾಲಿವುಡ್ ಸಿನಿಮಾ ‘ಆಲ್ ಅಬೌಟ್ ಈವ್’ ಬಗ್ಗೆ ಮಾತು ಬಂದಾಗಲೆಲ್ಲ ಜನ ಹೇಳುವುದು ಒಂದೇ ಕತೆ. ಒಬ್ಬ ಕುತಂತ್ರಿ ಹುಡುಗಿ ದೊಡ್ಡ ನಟಿಯ ಮನೆ ಸೇರಿಕೊಂಡು ಅವಳ ಜಾಗವನ್ನೇ ಹೊಡೆದುಕೊಂಡಳು. ಮುಗೀತು. ಈಚೆಗೆ ಮತ್ತೆ ನೋಡಿದಾಗ ನನಗೆ ಬೇರೆ ಏನೋ ಕಾಣಿಸಿತು. ಈವ್ ಒಂದು ಬಾಗಿಲನ್ನೂ ಒಡೆದಿಲ್ಲ. ಪ್ರತಿ ಬಾಗಿಲನ್ನೂ ಒಳಗಿದ್ದವರೇ ತೆಗೆದುಕೊಟ್ಟರು, ಅದೂ ಖುಷಿಯಿಂದ. ಯಾಕೆ ತೆಗೆದರು ಅನ್ನುವುದೇ ನನ್ನ ಕುತೂಹಲ.

ಅದಕ್ಕೇ ಇದನ್ನು ಸಿನಿಮಾ ವಿಮರ್ಶೆಯ ಹಾಗೆ ಬರೆಯದೆ ಒಂದು ಪ್ರಕರಣದ ಹಾಗೆ ಬಿಡಿಸಿ ನೋಡುತ್ತೇನೆ. ಯಾರು, ಯಾವಾಗ, ಏನು ಮಾಡಿದರು, ಅದರಿಂದ ಅವರಿಗೆ ಏನು ಸಿಕ್ಕಿತು. ಕತೆ ಪೂರ್ತಿ ಬರುತ್ತದೆ, ಕೊನೆ ಕೂಡ. ನೋಡದೇ ಇರುವವರು ಮೊದಲು ನೋಡಿ ಬಂದರೆ ಒಳ್ಳೆಯದು. 138 ನಿಮಿಷ, ಕಪ್ಪು ಬಿಳುಪು, ತುಂಬಾ ಮಾತು. ಆದರೆ ಒಂದು ಮಾತೂ ದಂಡ ಅಲ್ಲ.

ಇದರಲ್ಲಿ ಇರುವವರು

ಮಾರ್ಗೋ ಚ್ಯಾನಿಂಗ್ ಬ್ರಾಡ್‌ವೇ ರಂಗಭೂಮಿಯ ದೊಡ್ಡ ಹೆಸರು. ನಲವತ್ತು ತುಂಬಿದೆ, ಆಡುವುದು ಮಾತ್ರ ಇನ್ನೂ ಇಪ್ಪತ್ತರ ಹುಡುಗಿಯರ ಪಾತ್ರ. ಮಾಡಿದ್ದು ಬೆಟಿ ಡೇವಿಸ್. ಅವಳ ಪ್ರಿಯಕರ ಬಿಲ್ ಸ್ಯಾಂಪ್ಸನ್ ನಿರ್ದೇಶಕ, ಅವಳಿಗಿಂತ 8 ವರ್ಷ ಚಿಕ್ಕವನು (ಗ್ಯಾರಿ ಮೆರಿಲ್). ನಾಟಕ ಬರೆಯುವವನು ಲಾಯ್ಡ್ ರಿಚರ್ಡ್ಸ್ (ಹ್ಯೂ ಮಾರ್ಲೋ), ಅವನ ಹೆಂಡತಿ ಕ್ಯಾರೆನ್ (ಸೆಲೆಸ್ಟ್ ಹೋಮ್) ಮಾರ್ಗೋಗೆ ಜೀವದ ಗೆಳತಿ. ಹಣ ಹಾಕುವವನು ಮ್ಯಾಕ್ಸ್ ಫೇಬಿಯನ್, ಸದಾ ಹೊಟ್ಟೆ ಉರಿ, ಸದಾ ಮಾತ್ರೆ. ಮಾರ್ಗೋನ ಬಟ್ಟೆ, ಮೇಕಪ್ಪು, ಮನೆ ಎಲ್ಲ ನೋಡಿಕೊಳ್ಳುವವಳು ಬರ್ಡಿ (ಥೆಲ್ಮಾ ರಿಟರ್), ಒಂದು ಕಾಲಕ್ಕೆ ತಾನೂ ಸ್ಟೇಜ್ ಮೇಲೆ ಕುಣಿದು ಹಾಡಿದವಳು. ಆಡಿಸನ್ ಡಿವಿಟ್ (ಜಾರ್ಜ್ ಸ್ಯಾಂಡರ್ಸ್) ಪತ್ರಿಕೆಯ ವಿಮರ್ಶಕ. ಅವನ ಬಾಯಿಗೆ ಸಿಕ್ಕವರು ಉಳಿಯುವುದಿಲ್ಲ.

ಇವರ ಮಧ್ಯೆ ಬಂದವಳು ಈವ್ ಹ್ಯಾರಿಂಗ್‌ಟನ್, ಮಾಡಿದ್ದು ಆನ್ ಬ್ಯಾಕ್ಸ್‌ಟರ್. ಬರೆದು ನಿರ್ದೇಶಿಸಿದವನು ಜೋಸೆಫ್ ಮ್ಯಾಂಕವಿಟ್ಜ್.

ಪ್ರಕರಣ ಶುರುವಾಗುವುದು ಅಕ್ಟೋಬರ್‌ನಲ್ಲಿ, ಮುಗಿಯುವುದು ಮುಂದಿನ ಜೂನ್‌ನಲ್ಲಿ. ಒಟ್ಟು 8 ತಿಂಗಳು. ಮಳೆಯಲ್ಲಿ ನೆನೆದುಕೊಂಡು ಥಿಯೇಟರಿನ ಹಿಂಬಾಗಿಲಲ್ಲಿ ನಿಂತಿದ್ದ ಹುಡುಗಿ, ಅಷ್ಟರೊಳಗೆ ರಂಗಭೂಮಿಯ ದೊಡ್ಡ ಪ್ರಶಸ್ತಿ ತೆಗೆದುಕೊಳ್ಳುತ್ತಾಳೆ. ಸಿನಿಮಾ ಆ ಪ್ರಶಸ್ತಿ ಸಮಾರಂಭದಿಂದಲೇ ಶುರುವಾಗಿ ಹಿಂದಕ್ಕೆ ಹೋಗುತ್ತದೆ. ಆ ‘ಸಾರಾ ಸಿಡನ್ಸ್ ಪ್ರಶಸ್ತಿ’ ಸಿನಿಮಾಗೋಸ್ಕರ ಸುಮ್ನೆ ಹುಟ್ಟಿಸಿದ್ದು. ಆಮೇಲೆ 1952ರಲ್ಲಿ ಶಿಕಾಗೋದ ನಾಟಕಪ್ರಿಯರು ಅದೇ ಹೆಸರಲ್ಲಿ ನಿಜವಾದ ಸಂಸ್ಥೆಯನ್ನೇ ಕಟ್ಟಿ, ನಿಜವಾದ ಪ್ರಶಸ್ತಿ ಕೊಡಲು ಶುರು ಮಾಡಿದರು. ಈವ್ ಕೇಳಿದ್ದರೆ ಖುಷಿ ಪಡುತ್ತಿದ್ದಳು.

ಮೊದಲ ರಾತ್ರಿ

ಕ್ಯಾರೆನ್ ಈ ಹುಡುಗಿಯನ್ನು ಹಿಂಬಾಗಿಲಲ್ಲಿ ಎಷ್ಟೋ ರಾತ್ರಿ ನೋಡಿದ್ದಾಳೆ. ಒಂದು ದಿನ ಮಾತಾಡಿಸುತ್ತಾಳೆ. ಮಾರ್ಗೋನ ನಾಟಕದ ಒಂದು ಪ್ರದರ್ಶನವನ್ನೂ ತಪ್ಪಿಸಿಲ್ಲ ಎಂದು ಗೊತ್ತಾಗಿ ಕರಗಿ, ಕೈ ಹಿಡಿದು ಮೇಕಪ್ಪು ಕೋಣೆಗೇ ಕರೆದುಕೊಂಡು ಹೋಗುತ್ತಾಳೆ. ಅಲ್ಲಿ ಈವ್ ತನ್ನ ಕತೆ ಹೇಳುತ್ತಾಳೆ. ವಿಸ್ಕಾನ್ಸಿನ್‌ನ ಬಡ ರೈತನ ಮಗಳು. ಮಿಲ್ವಾಕಿಯ ಬಿಯರ್ ಕಾರ್ಖಾನೆಯಲ್ಲಿ ಆಫೀಸು ಕೆಲಸ. ಎಡ್ಡಿ ಎಂಬ ಗಂಡ, ಯುದ್ಧಕ್ಕೆ ಹೋದವನು ಪೆಸಿಫಿಕ್‌ನಲ್ಲಿ ತೀರಿಕೊಂಡ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ದಿಕ್ಕು ತೋಚದೆ ಇದ್ದಾಗ ಮಾರ್ಗೋನ ನಾಟಕ ನೋಡಿದಳು, ಅವತ್ತಿಂದ ಅವಳ ಹಿಂದೆಯೇ ಊರಿಂದ ಊರಿಗೆ.

ಇಡೀ ಕೋಣೆ ಕಣ್ಣೀರು. ಒಬ್ಬಳು ಬಿಟ್ಟು. ಬರ್ಡಿ ಒಂದು ಕುಹಕದ ಮಾತು ಹೇಳುತ್ತಾಳೆ, ಏನು ಕತೆ ಮಾರಾಯ್ತಿ, ಹಿಂದೆ ಬೇಟೆನಾಯಿ ಅಟ್ಟಿಸಿಕೊಂಡು ಬಂದಿದ್ದೊಂದು ಬಾಕಿ, ಅನ್ನುವ ಅರ್ಥದಲ್ಲಿ. ಮಾರ್ಗೋ ಅವಳನ್ನು ಗದರುತ್ತಾಳೆ, ಬರ್ಡಿ ಆ ಹುಡುಗಿಯ ಹತ್ತಿರ ತಪ್ಪಾಯಿತು ಎನ್ನಬೇಕಾಗುತ್ತದೆ. ಇಡೀ ಪ್ರಕರಣದಲ್ಲಿ ನನಗೆ ಜಾಸ್ತಿ ಮುಖ್ಯ ಅನ್ನಿಸುವುದು ಈ ಅರ್ಧ ನಿಮಿಷ. ಸುಳ್ಳಿನ ವಾಸನೆ ಹಿಡಿದವಳು ಒಬ್ಬಳೇ, ಕ್ಷಮೆ ಕೇಳಿದವಳೂ ಅವಳೇ.

ಯೋಚನೆ ಮಾಡಿ, ಆ ಕೋಣೆಯಲ್ಲಿ ಇದ್ದವರು ಯಾರು? ಕತೆ ಕಟ್ಟುವುದೇ ಕೆಲಸವಾದ ನಾಟಕಕಾರ. ಜನರನ್ನು ಅಳಿಸುವುದೇ ಕೆಲಸವಾದ ನಟಿ. ಕತೆ ಎಲ್ಲಿ ಏರಬೇಕು, ದನಿ ಎಲ್ಲಿ ಇಳಿಯಬೇಕು, ಎಲ್ಲಿ ಎರಡು ಕ್ಷಣ ನಿಲ್ಲಿಸಬೇಕು ಎಂಬುದನ್ನು ಇವರಿಗಿಂತ ಚೆನ್ನಾಗಿ ತಿಳಿದವರು ನ್ಯೂಯಾರ್ಕಿನಲ್ಲೇ ಇಲ್ಲ. ಇಂಥವರೇ ಮೋಸ ಹೋದರು ಅಂದರೆ ಅದು ಬರೀ ಈವ್‌ಳ ಚಾಕಚಕ್ಯತೆ ಅಲ್ಲ ಅಲ್ವಾ? ಅವರಿಗೆ ಆ ಕತೆ ಬೇಕಿತ್ತು. ತಮ್ಮ ನಾಟಕ ಒಬ್ಬ ವಿಧವೆಯ ಬದುಕನ್ನು ಉಳಿಸಿತು ಎಂದರೆ ಯಾವ ನಾಟಕದವರು ನಂಬುವುದಿಲ್ಲ ಹೇಳಿ.

ಅದೇ ರಾತ್ರಿ ಬಿಲ್ ಹಾಲಿವುಡ್‌ಗೆ ವಿಮಾನ ಹತ್ತುತ್ತಾನೆ. ಕಳಿಸಿ ಬರಲು ಈವ್ ಕೂಡ ಜೊತೆಗೆ ಹೋಗುತ್ತಾಳೆ. ಅದೇ ರಾತ್ರಿ ಮಾರ್ಗೋನ ಮನೆಗೆ ಅವಳ ಸಾಮಾನು ಬಂದು ಬೀಳುತ್ತದೆ. ಪರಿಚಯವಾಗಿ ಕೆಲವು ಗಂಟೆ ಅಷ್ಟೇ.

ಯಾರಿಗೆ ಏನು ಬೇಕಿತ್ತು

ಇಲ್ಲಿಂದ ಈವ್ ಮೆಟ್ಟಿಲು ಹತ್ತುತ್ತಾ ಹೋಗುತ್ತಾಳೆ. ಒಂದೊಂದು ಮೆಟ್ಟಿಲಿಗೂ ಒಬ್ಬೊಬ್ಬರು ಕೈ ಕೊಡುತ್ತಾರೆ.

ಮಾರ್ಗೋಗೆ ಬೇಕಿದ್ದದ್ದು ಪ್ರೀತಿ, ಅದೂ ವಾಪಸ್ ಏನೂ ಕೇಳದ ಪ್ರೀತಿ. ಈವ್ ಅವಳ ಕಾಗದ ಪತ್ರ ನೋಡುತ್ತಾಳೆ, ಫೋನು ಎತ್ತುತ್ತಾಳೆ, ಊಟ ನೆನಪಿಸುತ್ತಾಳೆ. ಮಾರ್ಗೋಗೆ ಅದು ಹಾಯಾಗಿದೆ. ಒಂದು ದಿನ ನಾಟಕ ಮುಗಿದ ಮೇಲೆ ಈವ್ ಕನ್ನಡಿ ಮುಂದೆ ಮಾರ್ಗೋನ ಉಡುಪನ್ನು ಮೈಗೆ ಹಿಡಿದುಕೊಂಡು, ಎದುರಿಗೆ ಜನ ಇದ್ದಾರೇನೋ ಎಂಬಂತೆ ಬಗ್ಗಿ ನಮಸ್ಕರಿಸುತ್ತಿರುವುದು ಮಾರ್ಗೋನ ಕಣ್ಣಿಗೆ ಬೀಳುತ್ತದೆ. ಅವಳು ನಕ್ಕು ಬಿಡುತ್ತಾಳೆ. ಪಾಪ, ಆಸೆ ಇದೆ ಹುಡುಗಿಗೆ ಎಂದು.

ಅನುಮಾನ ಶುರುವಾಗುವುದು ಬೆಳಗಿನ ಜಾವ ಮೂರಕ್ಕೆ ಬಂದ ಒಂದು ಫೋನಿನಿಂದ. ಮಾರ್ಗೋ ಬುಕ್ ಮಾಡಿಸಿದ ಟ್ರಂಕ್ ಕಾಲ್ ಎಂದು ಆಪರೇಟರ್ ಹೇಳುತ್ತಾಳೆ, ಮಾರ್ಗೋ ಬುಕ್ಕೇ ಮಾಡಿಸಿಲ್ಲ. ಅತ್ತ ಕಡೆ ಬಿಲ್. ಅವತ್ತು ಅವನ ಹುಟ್ಟುಹಬ್ಬ, ಮಾರ್ಗೋ ಮರೆತಿದ್ದಾಳೆ, ಈವ್ ಮರೆತಿಲ್ಲ. ಕರೆ ಬುಕ್ ಮಾಡಿಸಿದ್ದು ಅವಳೇ. ಮಾತಾಡುತ್ತಾ ಬಿಲ್ ಸಹಜವಾಗಿ ಹೇಳುತ್ತಾನೆ, ಈವ್ ನನಗೆ ಆಗಾಗ ಕಾಗದ ಬರೀತಾಳೆ ಎಂದು. ಮಾರ್ಗೋಗೆ ನಿದ್ದೆ ಹಾರಿಹೋಗುತ್ತದೆ.

ಬೆಳಿಗ್ಗೆ ಎದ್ದು ಮೊದಲು ಕೇಳುವುದು ಬರ್ಡಿಯನ್ನು. ನಿನಗೆ ಈವ್ ಕಂಡರೆ ಆಗಲ್ಲ ಅಲ್ವಾ ಎಂದು. ಬರ್ಡಿಯ ಉತ್ತರ ನೆಟ್ಟಗಿದೆ: ಅವಳು ನಿಮ್ಮನ್ನು ಓದುತ್ತಿದ್ದಾಳೆ, ಒಂದು ಪುಸ್ತಕ ಓದುವ ಹಾಗೆ, ನಾಟಕ ಓದುವ ಹಾಗೆ. ಹೇಗೆ ನಡೀತೀರಿ, ಮಾತಾಡ್ತೀರಿ, ತಿಂತೀರಿ, ಎಲ್ಲ. ನಮ್ಮಲ್ಲಿ ‘ಅತಿ ವಿನಯಂ ಧೂರ್ತ ಲಕ್ಷಣಂ’ ಎನ್ನುತ್ತಾರಲ್ಲ, ಬರ್ಡಿ ಹಿಡಿದದ್ದು ಅದನ್ನೇ. ಆದರೆ ಆ ಸಮಯಕ್ಕೆ ಈವ್ ಮನೆ ಸೇರಿ ಸಾಕಷ್ಟು ದಿನ ಆಗಿತ್ತು. ಇನ್ನೊಂದು ಗಮನಿಸಿ, ಬಿಲ್‌ನ ಹುಟ್ಟುಹಬ್ಬದ ಪಾರ್ಟಿ ಆದ ಮೇಲೆ ಬರ್ಡಿ ಸಿನಿಮಾದಿಂದಲೇ ಮಾಯವಾಗುತ್ತಾಳೆ. ಇದು ಬರೆದವನ ಮರೆವೋ ಬೇಕಂತಲೇ ಮಾಡಿದ್ದೋ, ಎರಡೂ ಇರಬಹುದು. ನಿಜ ಹೇಳುವವಳಿಗೆ ಆ ಮನೆಯಲ್ಲಿ ಮುಂದೆ ಕೆಲಸ ಇರಲಿಲ್ಲ ಅಂತ ನಾನು ತೆಗೆದುಕೊಂಡಿದ್ದೇನೆ.

ಆ ಪಾರ್ಟಿಯಲ್ಲಿ ಮಾರ್ಗೋ ಕುಡಿದು ಎಲ್ಲರ ಮೇಲೂ ಹರಿಹಾಯುತ್ತಾಳೆ. ಬೆಲ್ಟ್ ಕಟ್ಟಿಕೊಳ್ಳಿ, ಇವತ್ತು ರಾತ್ರಿ ಕುಲುಕಾಟ ಇದೆ ಅನ್ನುವ ಆ ಮಾತು ಇಲ್ಲೇ ಬರುತ್ತದೆ, ಸಿನಿಮಾ ನೋಡದವರಿಗೂ ಗೊತ್ತಿರುವ ಮಾತು. ಅವಳಿಗೆ ಅನುಮಾನ ಸರಿ ಇದೆ, ಸಾಕ್ಷಿ ಇಲ್ಲ, ಮೇಲೆ ಕುಡಿತ ಬೇರೆ. ನೋಡುವವರಿಗೆ ಕಾಣುವುದು ಹೊಟ್ಟೆಕಿಚ್ಚು ಪಡುವ ವಯಸ್ಸಾದ ನಟಿ ಮತ್ತು ತಲೆ ತಗ್ಗಿಸಿ ನಿಂತ ಮುಗ್ಧ ಹುಡುಗಿ. ಮಾರ್ಗೋ ಕೂಗಿದಷ್ಟೂ ಈವ್‌ಗೇ ಲಾಭ. ಅದೇ ರಾತ್ರಿ ಮಹಡಿ ಮೇಲೆ ಈವ್ ಕ್ಯಾರೆನ್ ಹತ್ತಿರ ಮೆಲ್ಲಗೆ ಒಂದು ಸಹಾಯ ಕೇಳುತ್ತಾಳೆ. ಮಾರ್ಗೋನ ಅಂಡರ್‌ಸ್ಟಡಿಗೆ, ಅಂದರೆ ಮುಖ್ಯ ನಟಿ ಬರಲಾಗದ ದಿನ ಅವಳ ಬದಲು ನಿಲ್ಲುವ ಹುಡುಗಿಗೆ, ಮಗು ಆಗಲಿದೆ, ಆ ಜಾಗಕ್ಕೆ ನಾನು ಆಗಬಹುದಾ ಎಂದು. ಕ್ಯಾರೆನ್ ಹೂಂ ಎನ್ನುತ್ತಾಳೆ. ಮಾರ್ಗೋಗೆ ಹೇಳಬೇಕು ಎಂದು ಯಾರಿಗೂ ಅನ್ನಿಸುವುದಿಲ್ಲ.

ಕ್ಯಾರೆನ್‌ದೇ ನಿಜವಾಗಿ ದೊಡ್ಡ ಪಾಲು. ಅವಳು ನಟಿ ಅಲ್ಲ, ಲೇಖಕಿ ಅಲ್ಲ, ನಾಟಕಕಾರನ ಹೆಂಡತಿ. ಆ ಗುಂಪಿನಲ್ಲಿ ಅವಳಿಗೆ ಅಂತ ಒಂದು ಕೆಲಸ ಇಲ್ಲ. ಈವ್ ಅವಳಿಗೆ ಆ ಕೆಲಸ ಕೊಟ್ಟಳು: ಒಬ್ಬಳನ್ನು ಉದ್ಧಾರ ಮಾಡುವ ಕೆಲಸ. ಆಮೇಲೆ ಒಮ್ಮೆ ಮಾರ್ಗೋ ಮಿತಿ ಮೀರಿ ರೇಗಾಡಿದಾಗ ಕ್ಯಾರೆನ್ ಅವಳಿಗೆ ಬುದ್ಧಿ ಕಲಿಸಲು ಹೊರಡುತ್ತಾಳೆ. ಚಳಿಗಾಲದ ವಾರಾಂತ್ಯ, ಹಳ್ಳಿಮನೆ. ಮಾರ್ಗೋ ನಾಟಕಕ್ಕೆ ರೈಲು ಹಿಡಿಯಬೇಕು. ಕ್ಯಾರೆನ್ ಕಾರಿನ ಟ್ಯಾಂಕಿನಿಂದ ಪೆಟ್ರೋಲ್ ಖಾಲಿ ಮಾಡಿಟ್ಟಿರುತ್ತಾಳೆ. ಕಾರು ಹಿಮದ ರಸ್ತೆಯಲ್ಲಿ ನಿಲ್ಲುತ್ತದೆ. ಆ ರಾತ್ರಿ ಸ್ಟೇಜ್ ಮೇಲೆ ಈವ್. ವಿಮರ್ಶಕರಿಗೆ ಮೊದಲೇ ಸುದ್ದಿ ಹೋಗಿದೆ, ಅವರು ಮುಂದಿನ ಸಾಲಿನಲ್ಲಿ ಕೂತಿದ್ದಾರೆ.

ಎಲ್ಲರೂ ಇದನ್ನು ಈವ್‌ಳ ಕುತಂತ್ರ ಎಂದು ನೆನಪಿಟ್ಟುಕೊಂಡಿದ್ದಾರೆ. ಪೆಟ್ರೋಲ್ ತೆಗೆದದ್ದು ಗೆಳತಿ! ಆ ನಿಂತ ಕಾರಿನಲ್ಲಿ ಮಾರ್ಗೋ ಇವಳ ಹತ್ತಿರವೇ ಕ್ಷಮೆ ಕೇಳುತ್ತಾಳೆ, ನಾನು ಕೆಟ್ಟದಾಗಿ ನಡೆದುಕೊಂಡೆ ಎಂದು ಮನಸ್ಸು ಬಿಚ್ಚಿ ಮಾತಾಡುತ್ತಾಳೆ. ಕ್ಯಾರೆನ್ ಮುಖ ನೋಡಬೇಕು ಆಗ. ಹೇಳಿಬಿಡಬೇಕು, ಹೇಳಲಾಗದು.

ಲಾಯ್ಡ್‌ಗೆ ಬೇಕಿದ್ದದ್ದು ತನ್ನ ಮಾತನ್ನು ಬರೆದ ಹಾಗೇ ಹೇಳುವ ಬಾಯಿ. ಒಂದು ದಿನ ಮಿಸ್ ಕ್ಯಾಸ್ವೆಲ್ ಎಂಬ ಹುಡುಗಿಯ ಆಡಿಷನ್. ಎದುರು ಪಾತ್ರ ಓದಬೇಕಾದ ಮಾರ್ಗೋ ಬರುವುದು ತುಂಬಾ ತಡ, ಅಷ್ಟರಲ್ಲಿ ಈವ್ ಓದಿಬಿಟ್ಟಿದ್ದಾಳೆ. ಲಾಯ್ಡ್ ಗಾಳಿಯಲ್ಲಿ ತೇಲುತ್ತಿದ್ದಾನೆ. ಮಾರ್ಗೋ ಜೊತೆ ಜಗಳದಲ್ಲಿ ಅವನು ಹೇಳುವ ಮಾತು ಏನೆಂದರೆ, ಸಂಗೀತ ಬರೆದದ್ದು ತಾನಲ್ಲ ಎಂದು ಪಿಯಾನೋಗೆ ಈಗಲಾದರೂ ತಿಳಿಯಲಿ. ಮಾರ್ಗೋ ಇಷ್ಟು ವರ್ಷ ಅವನ ನಾಟಕಗಳನ್ನು ತನ್ನ ಹೆಸರಿನ ಮೇಲೆ ಓಡಿಸಿದ್ದಳು, ಅದು ಅವನಿಗೆ ಒಳಗೊಳಗೇ ಉರಿ. ಈವ್ ಬಂದಳು, ಆ ಉರಿಗೆ ಒಂದು ದಾರಿ ಸಿಕ್ಕಿತು. (ಆ ಮಿಸ್ ಕ್ಯಾಸ್ವೆಲ್ ಪಾತ್ರದಲ್ಲಿ ಇರುವವಳು ಮರಿಲಿನ್ ಮನ್ರೋ. ಆಗಿನ್ನೂ ಅಷ್ಟು ಹೆಸರಿಲ್ಲ. ನನ್ನ ಲೆಕ್ಕದಲ್ಲಿ ಇಡೀ ಸಿನಿಮಾದಲ್ಲಿ ಪ್ರಾಮಾಣಿಕವಾಗಿ ಮೇಲೆ ಬರಲು ನೋಡುವವಳು ಅವಳೊಬ್ಬಳೇ, ತನಗೆ ಏನು ಬೇಕು ಎಂಬುದನ್ನು ಅವಳು ಮುಚ್ಚಿಡುವುದಿಲ್ಲ.)

ತೆರೆಯದೆ ಉಳಿದದ್ದು ಒಂದೇ ಬಾಗಿಲು. ಮೊದಲ ದಿನ ಸ್ಟೇಜ್ ಮೇಲೆ ಗೆದ್ದ ರಾತ್ರಿಯೇ ಈವ್ ಬಿಲ್‌ನನ್ನು ಒಲಿಸಿಕೊಳ್ಳಲು ನೋಡುತ್ತಾಳೆ. ಅವನು ಮುಲಾಜಿಲ್ಲದೆ ಆಗಲ್ಲ ಎನ್ನುತ್ತಾನೆ. ನನಗೆ ಬೇಕಾದ್ದನ್ನು ನಾನೇ ಅರಸಿಕೊಂಡು ಹೋಗುತ್ತೇನೆ, ಅದು ನನ್ನ ಹಿಂದೆ ಬರುವುದು ಬೇಡ, ಇಷ್ಟೇ ಅವನ ಮಾತು. ಬಿಲ್ ದೊಡ್ಡ ಬುದ್ಧಿವಂತ ಎಂದಲ್ಲ, ಈವ್ ಸುಳ್ಳು ಹೇಳುತ್ತಿದ್ದಾಳೆ ಎಂದೇನೂ ಅವನು ಕಂಡುಹಿಡಿದಿಲ್ಲ. ಅವನಿಗೆ ಅವಳಿಂದ ಏನೂ ಬೇಕಿರಲಿಲ್ಲ. ಹಾಗಾಗಿ ಅವಳ ಕೈಗೆ ಏನೂ ಸಿಗಲಿಲ್ಲ.

ಕೇಳಿದವನು ಒಬ್ಬ

ಬಿಲ್ ಹೊರಟುಹೋದ ಮೇಲೆ ಆ ಕೋಣೆಗೆ ಬರುವವನು ಆಡಿಸನ್. ನಡೆದದ್ದನ್ನು ಬಾಗಿಲಲ್ಲೇ ಕೇಳಿಸಿಕೊಂಡಿದ್ದಾನೆ. ಕೂತು, ಲೋಕಾಭಿರಾಮದ ಹಾಗೆ ಕೇಳುತ್ತಾನೆ: ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಾರ್ಗೋನ ನಾಟಕ ನೋಡಿದೆ ಅಂದೆಯಲ್ಲ, ಯಾವ ಥಿಯೇಟರ್? ಈವ್ ಹೇಳುತ್ತಾಳೆ: ಶೂಬರ್ಟ್. ಗಂಡನ ಹೆಸರು? ಎಡ್ಡಿ. ಅಷ್ಟೇ. ಅವನು ತಲೆ ಆಡಿಸಿ ಸುಮ್ಮನಾಗುತ್ತಾನೆ.

ತುಂಬಾ ಆಮೇಲೆ, ನ್ಯೂ ಹೇವನ್ ಎಂಬ ಊರಲ್ಲಿ ಲಾಯ್ಡ್‌ನ ಹೊಸ ನಾಟಕದ ಮೊದಲ ಪ್ರದರ್ಶನಕ್ಕೆ ಮುಂಚೆ, ಈವ್ ಹಿಗ್ಗಿನಿಂದ ಅವನಿಗೆ ಹೇಳುತ್ತಾಳೆ, ಲಾಯ್ಡ್ ಕ್ಯಾರೆನ್‌ಳನ್ನು ಬಿಟ್ಟು ನನ್ನನ್ನು ಮದುವೆ ಆಗುತ್ತಾನೆ ಎಂದು. ಆಗ ಅವನು ಲೆಕ್ಕ ಚುಕ್ತಾ ಮಾಡುತ್ತಾನೆ. ನಿನ್ನ ಹೆಸರು ಈವ್ ಅಲ್ಲ, ಗರ್ಟ್ರೂಡ್. ಅಪ್ಪ ಅಮ್ಮ ಇದ್ದಾರೆ, ನಿನ್ನ ಸುದ್ದಿಯಿಲ್ಲದೆ ಕಾದಿದ್ದಾರೆ. ಬಿಯರ್ ಕಾರ್ಖಾನೆಯ ಯಜಮಾನನ ಜೊತೆ ಸಂಬಂಧ ಇತ್ತು, ಊರು ಬಿಡಲು 500 ಡಾಲರ್ ಕೊಟ್ಟರು, ಆ ದುಡ್ಡಲ್ಲೇ ನೀನು ನ್ಯೂಯಾರ್ಕಿಗೆ ಬಂದೆ. ಎಡ್ಡಿ ಎಂಬುವನೇ ಇರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋಗೆ ನೀನು ಹೋಗೇ ಇಲ್ಲ, ಆ ಊರಲ್ಲಿ ಶೂಬರ್ಟ್ ಎಂಬ ಥಿಯೇಟರೇ ಇಲ್ಲ.

ನಾನು ಇದನ್ನು ಪ್ರಕರಣ ಎಂದು ಕರೆದದ್ದು ಇದಕ್ಕೇ. ಕೇಳಬೇಕಿದ್ದದ್ದು ಒಂದು ಸಾಮಾನ್ಯ ಪ್ರಶ್ನೆ. ಮಾರ್ಗೋ ತಾನೇ ಆಡಿದ ನಾಟಕ, ಯಾವ ಊರಲ್ಲಿ ಯಾವ ಥಿಯೇಟರಿನಲ್ಲಿ ಆಡಿದೆ ಎಂಬುದು ಅವಳಿಗೆ ಗೊತ್ತಿಲ್ಲವೇ? ಮೊದಲ ರಾತ್ರಿಯೇ, ಹೌದಾ, ಯಾವ ಥಿಯೇಟರಮ್ಮ, ಎಂದು ಸುಮ್ನೆ ಮಾತಿಗೆ ಕೇಳಿದ್ದರೂ ಸಾಕಿತ್ತು. ಕೇಳಲಿಲ್ಲ. ದುಃಖದ ಕತೆ ಹೇಳುವವರನ್ನು ವಿವರ ಕೇಳುವುದು ಒರಟುತನ ಎಂದು ನಮಗೆಲ್ಲ ಅನ್ನಿಸುತ್ತದೆ. ಈವ್ ನಿಂತಿದ್ದು ಆ ಸಭ್ಯತೆಯ ಮೇಲೆ. ಆಡಿಸನ್‌ಗೆ ಸಭ್ಯತೆಯ ಕಾಟ ಇರಲಿಲ್ಲ, ಪತ್ರಿಕೆಯವನ ಚಟ ಇತ್ತು.

ಆದರೆ ಸತ್ಯ ಹಿಡಿದವನು ಅದರಿಂದ ಏನು ಮಾಡಿದ ಎನ್ನುವುದನ್ನೂ ನೋಡಿ. ಯಾರಿಗೂ ಹೇಳಲಿಲ್ಲ. ಪ್ರಕಟಿಸಲಿಲ್ಲ. ಅವಳನ್ನು ಕೈಯಲ್ಲಿ ಇಟ್ಟುಕೊಳ್ಳಲು ಬಳಸಿದ. ನೀನು ನನ್ನವಳು, ಲಾಯ್ಡ್ ಗೀಯ್ಡ್ ಎಲ್ಲ ಬಿಡು, ಇವತ್ತು ಹೋಗಿ ನಾಟಕ ಚೆನ್ನಾಗಿ ಆಡು ಎಂದು ಕಳಿಸಿದ. ಇದಕ್ಕೂ ಮುಂಚೆ ಈವ್ ಕ್ಯಾರೆನ್‌ಗೆ ಮಾಡಿದ್ದೂ ಇದೇ ಜಾತಿಯದ್ದು: ಪೆಟ್ರೋಲಿನ ಗುಟ್ಟು ಹೊರಗೆ ಬರಬಾರದು ಅಂದರೆ ಹೊಸ ನಾಟಕದ ಮುಖ್ಯ ಪಾತ್ರ ನನಗೆ ಕೊಡಿಸು ಎಂದು ಹೋಟೆಲಿನ ಹೆಂಗಸರ ಕೋಣೆಯಲ್ಲಿ ಬೆದರಿಸುತ್ತಾಳೆ. ತಮಾಷೆ ಎಂದರೆ ಆ ಬೆದರಿಕೆ ಬೇಕೇ ಇರಲಿಲ್ಲ. ಕ್ಯಾರೆನ್ ನಡುಗುತ್ತಾ ಟೇಬಲ್ಲಿಗೆ ವಾಪಸ್ ಬಂದರೆ, ಮಾರ್ಗೋ ತಾನೇ ಹೇಳುತ್ತಿದ್ದಾಳೆ, ಆ ಪಾತ್ರ ನನಗೆ ಬೇಡ, ನನ್ನ ವಯಸ್ಸಿಗೆ ಅದು ಹೊಂದಲ್ಲ ಎಂದು. ಕ್ಯಾರೆನ್ ನಗು ತಡೆಯಲಾರದೆ ನಗುತ್ತಾಳೆ. ಯಾರಿಗೂ ಯಾಕೆ ಎಂದು ಗೊತ್ತಾಗುವುದಿಲ್ಲ.

ಈವ್ ಪರವಾಗಿ ನಾಲ್ಕು ಮಾತು

ಯಾವ ಪ್ರಕರಣದಲ್ಲೂ ಆರೋಪಿಯ ಹೇಳಿಕೆ ಬೇಕು. ಈ ಸಿನಿಮಾದಲ್ಲಿ ಕತೆ ಹೇಳುವ ದನಿಗಳು ಮೂರು: ಆಡಿಸನ್, ಕ್ಯಾರೆನ್, ಮಾರ್ಗೋ. ಈವ್‌ಗೆ ಆ ಅವಕಾಶ ಇಲ್ಲ. ಅವಳ ಬಗ್ಗೆ ‘ಎಲ್ಲ’ ಹೇಳುತ್ತೇವೆ ಎಂದು ಹೆಸರಿಟ್ಟು ಅವಳನ್ನು ಒಂದು ಮಾತೂ ಕೇಳಿಲ್ಲ. ಸಾಕ್ಷಿ ಹೇಳಿದ ಮೂವರಲ್ಲಿ ಒಬ್ಬ ಅವಳನ್ನು ಬ್ಲಾಕ್‌ಮೇಲ್ ಮಾಡಿದವನು, ಒಬ್ಬಳು ಪೆಟ್ರೋಲ್ ಖಾಲಿ ಮಾಡಿದವಳು, ಇನ್ನೊಬ್ಬಳು ಎದುರಾಳಿ.

ಇನ್ನೊಂದು. ಅವಳು ಚೆನ್ನಾಗಿ ನಟಿಸುತ್ತಾಳೆ. ಅದನ್ನು ಸಿನಿಮಾ ಎಲ್ಲೂ ಅಲ್ಲಗಳೆಯುವುದಿಲ್ಲ (ಅವಳ ನಾಟಕ ಒಂದು ದೃಶ್ಯವನ್ನೂ ನಮಗೆ ತೋರಿಸುವುದಿಲ್ಲ ಎನ್ನುವುದು ಬೇರೆ ಮಾತು, ಅದು ಜಾಣತನ). ವಿಸ್ಕಾನ್ಸಿನ್‌ನ ಬಡ ಮನೆಯ ಹುಡುಗಿ, ಯಾರ ಪರಿಚಯವೂ ಇಲ್ಲ. ನಾನು ನಟಿ, ಒಂದು ಅವಕಾಶ ಕೊಡಿ ಎಂದು ನೇರವಾಗಿ ಬಂದಿದ್ದರೆ ಮಾರ್ಗೋ ಕೋಣೆಯ ಒಳಗೆ ಬಿಡುತ್ತಿದ್ದರಾ? ಅಭಿಮಾನಿ ಆಗಿ ಬಂದರೆ ಮಾತ್ರ ಒಳಗೆ ಜಾಗ ಇತ್ತು.

ಮತ್ತೆ ಈ ಪೈಪೋಟಿ ಹುಟ್ಟಿದ್ದಾದರೂ ಎಲ್ಲಿಂದ? ನಲವತ್ತರ ನಟಿಗೆ ನಲವತ್ತರ ಪಾತ್ರ ಬರೆಯುವವರು ಇದ್ದಿದ್ದರೆ ಇಬ್ಬರಿಗೂ ಕೆಲಸ ಇರುತ್ತಿತ್ತು. ಲಾಯ್ಡ್ ಬರೆಯುವುದು ಇಪ್ಪತ್ತರ ಹುಡುಗಿಯರನ್ನೇ. ಮಾರ್ಗೋ ಅವನಿಗೆ ಅದನ್ನು ಬಿಡಿಸಿ ಹೇಳುತ್ತಾಳೆ, ನಾನು ಇಪ್ಪತ್ತೂ ಅಲ್ಲ, ಮೂವತ್ತೂ ಅಲ್ಲ, ನನಗೆ ನಲವತ್ತು ಎಂದು. ಬಿಲ್ ಬಗ್ಗೆ ಅವಳ ಅಳಲು ಇನ್ನೂ ಚುಚ್ಚುತ್ತದೆ: ಅವನಿಗೆ 32, ಐದು ವರ್ಷದ ಹಿಂದೆಯೂ 32ರ ಹಾಗೆ ಕಾಣುತ್ತಿದ್ದ, ಇಪ್ಪತ್ತು ವರ್ಷ ಆದ ಮೇಲೂ ಹಾಗೇ ಕಾಣುತ್ತಾನೆ. ಇದ್ದದ್ದು ಒಂದೇ ಕುರ್ಚಿ, ಕೂರಬೇಕಾದವರು ಇಬ್ಬರು. ಕುರ್ಚಿ ಒಂದೇ ಇಟ್ಟವರ ಮೇಲೆ ಯಾರೂ ಕೇಸು ಹಾಕಲಿಲ್ಲ.

ಸಿನಿಮಾ ನನಗೆ ಸ್ವಲ್ಪ ನಿರಾಸೆ ಮಾಡುವುದೂ ಇಲ್ಲೇ. ಆ ನಿಂತ ಕಾರಿನಲ್ಲಿ ಮಾರ್ಗೋ ಹೇಳುವುದೇನು? ಕೊನೆಗೆ ಗಂಡ ಪಕ್ಕದಲ್ಲಿ ಇಲ್ಲದಿದ್ದರೆ ಹೆಂಗಸು ಹೆಂಗಸೇ ಅಲ್ಲ ಎನ್ನುವ ಅರ್ಥದ ಮಾತು. ಬೆಟಿ ಡೇವಿಸ್ ಅದನ್ನು ಎಷ್ಟು ಚೆನ್ನಾಗಿ ಹೇಳಿದರೂ ಅದು 1950ರ ಮಾತೇ. ಅಷ್ಟು ಹೊತ್ತು ವೃತ್ತಿಯ ಸಮಸ್ಯೆ ಆಗಿದ್ದದ್ದನ್ನು ಮದುವೆ ಮಾಡಿಸಿ ಬಗೆಹರಿಸಿಬಿಡುತ್ತಾರೆ. ಬಿಲ್ ಒಳ್ಳೆಯವನು, ಸರಿ. ಪಾತ್ರ ಎಲ್ಲಿ?

ಕೊನೆಯಲ್ಲಿ ಪ್ರಶಸ್ತಿ ಹಿಡಿದ ಈವ್ ಪಾರ್ಟಿಗೂ ಹೋಗದೆ ರೂಮಿಗೆ ಬಂದರೆ, ಅಲ್ಲಿ ಫೀಬಿ ಎಂಬ ಶಾಲಾ ಹುಡುಗಿ ಕುರ್ಚಿಯಲ್ಲಿ ನಿದ್ದೆ ಹೋಗಿದ್ದಾಳೆ. ನಿಮ್ಮ ಅಭಿಮಾನಿ ಎನ್ನುತ್ತಾಳೆ. ಈವ್ ಮೊದಲು ಪೊಲೀಸರಿಗೆ ಫೋನ್ ಮಾಡಲು ಹೋಗಿ, ಆಮೇಲೆ ಸುಮ್ಮನಾಗುತ್ತಾಳೆ. ತಾನು ಬಳಸಿದ ತಂತ್ರ ತನ್ನ ಮೇಲೇ ಬಂದಾಗ ಅವಳಿಗೂ ಗುರುತು ಹತ್ತುವುದಿಲ್ಲ. ಹೊಗಳಿಕೆ ಕೇಳುವ ಜಾಗಕ್ಕೆ ಬಂದ ಮೇಲೆ ಈವ್ ಕೂಡ ಮಾರ್ಗೋ ಆಗಿಬಿಟ್ಟಿದ್ದಾಳೆ.

ಪರದೆಯ ಹೊರಗೆ

ಈ ಕತೆ ನಿಜವಾಗಿ ನಡೆದದ್ದರಿಂದ ಹುಟ್ಟಿತು. 1943ರಲ್ಲಿ ಎಲಿಸಬೆತ್ ಬರ್ಗ್ನರ್ ಎಂಬ ನಟಿ ನ್ಯೂಯಾರ್ಕಿನಲ್ಲಿ ‘ದಿ ಟೂ ಮಿಸೆಸ್ ಕ್ಯಾರಲ್ಸ್’ ನಾಟಕ ಆಡುತ್ತಿದ್ದರು. ಹಿಂಬಾಗಿಲಲ್ಲಿ ದಿನಾ ನಿಲ್ಲುತ್ತಿದ್ದ ಒಬ್ಬ ಹುಡುಗಿಯನ್ನು ಕರೆದು ಕೆಲಸ ಕೊಟ್ಟರು, ಆಮೇಲೆ ಅವಳಿಂದ ತೊಂದರೆ ಆಯಿತು ಎಂದು ಅವರ ದೂರು. ಅದನ್ನು ಕೇಳಿದ ನಟಿ, ಲೇಖಕಿ ಮೇರಿ ಆರ್ ಅದನ್ನು ಸಣ್ಣಕತೆ ಮಾಡಿ 1946ರ ಮೇ ತಿಂಗಳ ‘ಕಾಸ್ಮೊಪಾಲಿಟನ್’ ಪತ್ರಿಕೆಯಲ್ಲಿ ‘ದಿ ವಿಸ್ಡಮ್ ಆಫ್ ಈವ್’ ಎಂದು ಪ್ರಕಟಿಸಿದರು. ಅಲ್ಲೂ ಕೇಳಿಸಿದ್ದು ದೊಡ್ಡ ನಟಿಯ ಕಡೆಯ ಮಾತು. ಆದರೆ ಆ ಕತೆಯಲ್ಲಿ ಈವ್‌ಗೆ ಶಿಕ್ಷೆ ಇಲ್ಲ, ಅವಳು ಗೆದ್ದು ಹಾಲಿವುಡ್‌ಗೆ ಹೊರಡುತ್ತಾಳೆ. ಫೀಬಿಯನ್ನು ಸೇರಿಸಿ ಈವ್‌ಳನ್ನು ಸಿಕ್ಕಿಸಿದ್ದು ಮ್ಯಾಂಕವಿಟ್ಜ್.

ಮಾರ್ಗೋ ಪಾತ್ರವೂ ಮೊದಲು ಬೆಟಿ ಡೇವಿಸ್‌ಗೆ ಸಿಕ್ಕಿರಲಿಲ್ಲ. ಅದು ಕ್ಲಾಡೆಟ್ ಕೋಲ್ಬರ್ಟ್‌ಗೆ ಗೊತ್ತಾಗಿತ್ತು. ಬೇರೊಂದು ಸಿನಿಮಾದಲ್ಲಿ ಬೆನ್ನಿಗೆ ಪೆಟ್ಟಾಗಿ ಅವರು ಬಿಡಬೇಕಾಯಿತು. ಡೇವಿಸ್‌ಗೆ ಆಗ 42. ವಾರ್ನರ್ ಕಂಪನಿಯಿಂದ ಹಿಂದಿನ ವರ್ಷವೇ ಹೊರಬಿದ್ದಿದ್ದರು, ಇನ್ನು ಅವರ ಕಾಲ ಮುಗಿಯಿತು ಎಂದು ಊರೆಲ್ಲ ಮಾತು. ಅಂಥವರಿಗೆ ಈ ಪಾತ್ರ ಬಂದದ್ದು ಇನ್ನೊಬ್ಬರ ಬದಲಿಗೆ, ಅಂಡರ್‌ಸ್ಟಡಿಗೆ ಬಂದ ಹಾಗೆ. ಶೂಟಿಂಗ್ ಮುಗಿದ ಮೇಲೆ ಅದೇ ವರ್ಷ ಅವರು ಗ್ಯಾರಿ ಮೆರಿಲ್‌ರನ್ನೇ ಮದುವೆಯಾದರು. ಬಿಲ್ ಮತ್ತು ಮಾರ್ಗೋ ಚೆನ್ನಾಗಿ ಬಾಳಿದರೋ ಏನೋ, ಇವರ ಮದುವೆ 1960ರಲ್ಲಿ ಮುರಿಯಿತು. ಇನ್ನೊಂದು ಮಜಾ, ಥಿಯೇಟರಿನ ದೃಶ್ಯಗಳ ಶೂಟಿಂಗ್ ನಡೆದದ್ದು ಸ್ಯಾನ್ ಫ್ರಾನ್ಸಿಸ್ಕೋದ ಕರನ್ ಥಿಯೇಟರಿನಲ್ಲಿ, ಈವ್ ಯಾವತ್ತೂ ಕಾಲಿಡದ ಊರಲ್ಲಿ.

ಆಮೇಲೆ ಆಸ್ಕರ್. ಸಿನಿಮಾಗೆ 14 ನಾಮನಿರ್ದೇಶನ ಬಂತು. ಅದುವರೆಗೆ ಯಾವ ಸಿನಿಮಾಗೂ ಅಷ್ಟು ಬಂದಿರಲಿಲ್ಲ, 1997ರ ‘ಟೈಟಾನಿಕ್’ವರೆಗೆ ಯಾರೂ ಅದನ್ನು ಮುಟ್ಟಲೂ ಇಲ್ಲ. 6 ಗೆದ್ದಿತು: ಚಿತ್ರ, ನಿರ್ದೇಶನ, ಚಿತ್ರಕತೆ, ಪೋಷಕ ನಟ (ಜಾರ್ಜ್ ಸ್ಯಾಂಡರ್ಸ್), ವಸ್ತ್ರವಿನ್ಯಾಸ, ಧ್ವನಿ. ನಟಿಯರು ನಾಲ್ವರು ಕಣದಲ್ಲಿದ್ದರು, ಒಬ್ಬರೂ ಗೆಲ್ಲಲಿಲ್ಲ.

ಅದರ ಹಿಂದಿನ ಕತೆಯೇ ಈ ಪ್ರಕರಣದ ಎರಡನೇ ಕಂತು. ಆನ್ ಬ್ಯಾಕ್ಸ್‌ಟರ್‌ಗೆ 1946ರ ಸಿನಿಮಾಗೆ ಪೋಷಕ ನಟಿ ಆಸ್ಕರ್ ಆಗಲೇ ಸಿಕ್ಕಿತ್ತು. ಈ ಸಲ ಮುಖ್ಯ ನಟಿ ವಿಭಾಗಕ್ಕೇ ನನ್ನ ಹೆಸರು ಹೋಗಲಿ ಎಂದು ಅವರು ಪಟ್ಟು ಹಿಡಿದರು. ಹೋಯಿತು. ಅಲ್ಲಿ ಎದುರಿಗೆ ಬೆಟಿ ಡೇವಿಸ್. ಗೆದ್ದದ್ದು ಇಬ್ಬರೂ ಅಲ್ಲ, ‘ಬಾರ್ನ್ ಯೆಸ್ಟರ್ಡೇ’ಯ ಜೂಡಿ ಹಾಲಿಡೇ. ಒಂದೇ ಸಿನಿಮಾದ ಮತ ಎರಡು ಪಾಲಾಯಿತು, ಬ್ಯಾಕ್ಸ್‌ಟರ್ ಪೋಷಕ ವಿಭಾಗದಲ್ಲಿ ಇದ್ದಿದ್ದರೆ ಇಬ್ಬರೂ ಗೆಲ್ಲುತ್ತಿದ್ದರು ಎಂದು ಇವತ್ತಿಗೂ ವಾದ ಮಾಡುವವರು ಇದ್ದಾರೆ. ಆಸ್ಕರ್ ಕೊಡುವ ಅಕಾಡೆಮಿ ಮತಗಳ ಲೆಕ್ಕ ಹೊರಗೆ ಬಿಡುವುದಿಲ್ಲ, ಹಾಗಾಗಿ ಅದು ಊಹೆ. ಅದೇ ಸಾಲಿನಲ್ಲಿ ‘ಸನ್‌ಸೆಟ್ ಬುಲೆವಾರ್ಡ್’ನ ಗ್ಲೋರಿಯಾ ಸ್ವಾನ್ಸನ್ ಕೂಡ ಇದ್ದರು, ವಯಸ್ಸಾದ ನಟಿಯದೇ ಪಾತ್ರ, ಅವರ ಕಡೆಗೂ ಒಂದಷ್ಟು ಮತ ಹೋಗಿರಬಹುದು. ಬ್ಯಾಕ್ಸ್‌ಟರ್ ಮಾಡಿದ್ದು ತಪ್ಪು ಎಂದು ನನಗೆ ಅನ್ನಿಸುವುದಿಲ್ಲ. ಸಿನಿಮಾದ ಹೆಸರಿನಲ್ಲೇ ಇರುವ ಪಾತ್ರ ಮಾಡಿದವಳು ಪೋಷಕ ನಟಿ ಹೇಗಾಗುತ್ತಾಳೆ? ಆದರೂ ಎಲ್ಲರೂ ಅದನ್ನು ಈವ್ ಬುದ್ಧಿ ಎಂದೇ ನೋಡಿದರು, ನೋಡುತ್ತಾರೆ.

1970ರಲ್ಲಿ ಇದೇ ಕತೆ ‘ಅಪ್ಲಾಸ್’ ಎಂಬ ಸಂಗೀತ ನಾಟಕವಾಗಿ ಬ್ರಾಡ್‌ವೇಗೆ ಬಂತು. ಮಾರ್ಗೋ ಆಗಿ ಲಾರೆನ್ ಬಕಾಲ್. ಅವರು ಬಿಟ್ಟ ಮೇಲೆ ಆ ಪಾತ್ರಕ್ಕೆ ಬಂದವರು ಆನ್ ಬ್ಯಾಕ್ಸ್‌ಟರ್. ಹಳೆಯ ಈವ್ ಈಗ ಮಾರ್ಗೋ, ಅದೂ ಬದಲಿಯಾಗಿ. 1983ರಲ್ಲಿ ‘ಹೋಟೆಲ್’ ಎಂಬ ಟಿವಿ ಧಾರಾವಾಹಿಯಲ್ಲಿ ಬೆಟಿ ಡೇವಿಸ್ ಶುರು ಮಾಡಿ, ಕಾಯಿಲೆ ಬಿದ್ದು ಮುಂದುವರಿಸಲಾಗಲಿಲ್ಲ. ಆ ಜಾಗಕ್ಕೂ ಬ್ಯಾಕ್ಸ್‌ಟರ್. ಇದನ್ನು ಯಾರಾದರೂ ಚಿತ್ರಕತೆಯಲ್ಲಿ ಬರೆದಿದ್ದರೆ ಅತಿಯಾಯಿತು ಎಂದು ಹೊಡೆದು ಹಾಕುತ್ತಿದ್ದರು.

ಈ ಎಲ್ಲದರಲ್ಲೂ ನಿಜವಾಗಿ ಜಾಗ ಕಳೆದುಕೊಂಡವರು ಒಬ್ಬರಿದ್ದಾರೆ, ಅವರ ಬಗ್ಗೆ ಮಾತೇ ಇಲ್ಲ. ಮೇರಿ ಆರ್. ಈವ್ ಹ್ಯಾರಿಂಗ್‌ಟನ್ ಎಂಬ ಹೆಸರನ್ನು ಕೊಟ್ಟದ್ದೇ ಅವರು. 1950ರ ಸಿನಿಮಾದ ತೆರೆಯ ಮೇಲೆ ಅವರ ಹೆಸರೇ ಬರುವುದಿಲ್ಲ. ಚಿತ್ರಕತೆಯ ಆಸ್ಕರ್ ಮ್ಯಾಂಕವಿಟ್ಜ್‌ಗೆ ಹೋಯಿತು, ಹಿಂದಿನ ವರ್ಷವೂ ನಿರ್ದೇಶನ, ಚಿತ್ರಕತೆ ಎರಡೂ ಅವರಿಗೇ ಬಂದಿತ್ತು. ಆ ಮಾತುಗಳೆಲ್ಲ ಅವರವೇ, ಅದರಲ್ಲಿ ಅನುಮಾನವಿಲ್ಲ. ಕತೆಯ ಬೇರು ಮಾತ್ರ ಇನ್ನೊಬ್ಬರದು. ‘ಅಪ್ಲಾಸ್’ ಬಂದಾಗ ಮೂಲ ಕತೆ ಮೇರಿ ಆರ್ ಎಂದು ಹಾಕಿದರು, ಸಿನಿಮಾ ಬಂದು 20 ವರ್ಷ ಆದ ಮೇಲೆ.